ಅತ್ತೆಯ ಸರದಿ

ಗಂಡನನ್ನು ಬಿಟ್ಟು, ಪರದೇಶದಲ್ಲಿದ್ದ ನಮ್ಮ ಮನೆಗೆ ಬಂದ ಅತ್ತೆ, ಅಂದರೆ ಅಪ್ಪನ ತಂಗಿ, ಹಿಂಬದಿಯ ಕೋಣೆಯಲ್ಲಿ ಎರಡು ವರ್ಷ ಬಟ್ಟೆ ಒಣಗುವ ಹಗ್ಗದ ಕೆಳಗೆ ಮಲಗಿದಳು. ನಮ್ಮ ಬೀದಿಯ ತುಂಬ ನಮ್ಮವರೇ. ಹಾಲು ತರಲು ಹೋದರೂ ಒಬ್ಬರಲ್ಲ ಒಬ್ಬರು, ಯಾವಾಗ ವಾಪಸ್ಸು ಎಂದು ಕೇಳುವರು. ಯಾರ ಹತ್ತಿರಕ್ಕೆ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗಿರಲಿಲ್ಲ. ಒಂದು ದಿನ ಅತ್ತೆ ಹೊಲಿಗೆ ಮಿಷನ್ನನ್ನು ಟ್ಯಾಕ್ಸಿಗೆ ಏರಿಸಿಕೊಂಡು, ಊರಿನ ಆ ತುದಿಯಲ್ಲಿ ನಮ್ಮವರ ಪೈಕಿ ಒಂದು ನರಪಿಳ್ಳೆಯೂ ಇಲ್ಲದ ಕಟ್ಟಡಕ್ಕೆ ಹೊರಟಳು.

"ಅಲ್ಲಿ ಸತ್ರೂ ಕೇಳೋರಿಲ್ಲ" ಎಂದ ಅಪ್ಪ.

"ಕೇಳೋರಿಲ್ಲ ಅಂತಾನೇ ಹೋಗ್ತಿರೋದು."

ಅಲ್ಲಿ ನಾಲ್ಕು ಮನೆ. ಹೇಳದೆ ಕೇಳದೆ ಯಾರೂ ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಅತ್ತೆಗೆ ಅದೇ ಸ್ವರ್ಗ. ಮೆಟ್ಟಿಲು ಒರೆಸುವುದು ವಾರಕ್ಕೊಂದು ಮನೆಯ ಸರದಿ. ಬಕೆಟ್ಟು, ಪೊರಕೆ ಇಟ್ಟ ಕಪಾಟಿನ ಕೀಲಿಕೈಯನ್ನು ನೆಲಮಹಡಿಯ ಬೀಗ ರಿಪೇರಿಯ ಮುದುಕ ಶನಿವಾರ ಶನಿವಾರ ಮುಂದಿನ ಮನೆಗೆ ಕೊಡುತ್ತಿದ್ದ. ಮೊದಲ ಮೂರು ತಿಂಗಳಲ್ಲಿ ನೆರೆಯವರು ದೂರಿದರೆ ಜಾಗ ಖಾಲಿ ಮಾಡಬೇಕೆಂದು ಮನೆ ಮಾಲಕಿ ಬರೆಸಿಕೊಂಡಿದ್ದಳು. ಖಾಲಿ ಮಾಡಿದರೆ ಮತ್ತೆ ನಮ್ಮ ಹಗ್ಗದ ಕೆಳಗೇ.

ಮೊದಲ ಸರದಿಗೆ ಅತ್ತೆ ಮಾಡಿದ್ದು ನಮ್ಮವರು ಮಾತ್ರ ಮಾಡಬಲ್ಲ ಕೆಲಸ. ತೊಳೆಯದೆ ಒರೆಸಿದರೆ ಅದೆಂಥ ಶುದ್ಧ ಎಂದುಕೊಂಡು ಮೇಲಿನಿಂದ ಬಕೆಟ್ಟುಗಟ್ಟಲೆ ನೀರು ಸುರಿದಳು. ಮರದ ಮೆಟ್ಟಿಲು, ನೀರು ಹೊರಹೋಗಲು ಒಂದು ತೂತೂ ಇಲ್ಲ. ಅದು ಮುದುಕನ ಬಾಗಿಲ ಸಂದಿಯಲ್ಲಿ ನುಗ್ಗಿ ಅವನ ಚಪ್ಪಲಿಗಳನ್ನು ತೇಲಿಸಿತು. ಅತ್ತೆ ತನ್ನ ಹೊದಿಕೆಗಳನ್ನೆಲ್ಲ ತಂದು ಸಂಜೆಯವರೆಗೂ ಹಿಂಡಿದಳು. ಮುದುಕ ಬೈಯಲಿಲ್ಲ. ಮುಂದಿನ ತಿಂಗಳು ಕೀಲಿಕೈ ಮಾತ್ರ ಅವಳ ಬಾಗಿಲು ದಾಟಿ ಮೇಲಿನ ಮನೆಗೆ ಹೋಯಿತು. ಗೋಡೆಗೆ ಅಂಟಿಸಿದ್ದ ಸರದಿಯ ಪಟ್ಟಿಯಲ್ಲಿ ಅವಳ ಮನೆಯ ನಂಬರಿನ ಮೇಲೆ ಪೆನ್ಸಿಲ್ಲಿನ ಗೆರೆ ಬಿದ್ದಿತ್ತು.

ಆ ಶನಿವಾರವೇ ಅಪ್ಪ ಎಂದಿನಂತೆ ಫೋನೂ ಮಾಡದೆ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದ. ವಿಷಯ ತಿಳಿದು, ಮಾಡಿದ್ದುಣ್ಣೋ ಮಹಾರಾಯ ಎಂದು ನಕ್ಕ. ಕೆಲಸ ತಪ್ಪಿತಲ್ಲ ಬಿಡು ಎಂದು ನಾನೂ ಬಾಯಿ ಹಾಕಿದೆ.

"ಕೆಲಸ ತಪ್ಪಿದ್ದಲ್ಲ ಕಣೇ, ನನ್ನನ್ನೇ ಬಿಟ್ಟಿದ್ದು. ಇವತ್ತು ಪಟ್ಟಿಯಿಂದ, ನಾಳೆ ಮನೆಯಿಂದ" ಎಂದಳು ಅತ್ತೆ.

ಗಂಟು ಕಟ್ಟು, ನಮ್ಮವರ ಮಧ್ಯೆ ಇರು ಎಂದು ಅಪ್ಪ ಶುರುಮಾಡುವಷ್ಟರಲ್ಲಿ ಅವಳು ಅಂಚು ಹೊಲಿಯುತ್ತಿದ್ದ ಪ್ಯಾಂಟನ್ನು ಹಿಡಿದೇ ಕೆಳಗಿಳಿದು ಮುದುಕನ ಬಾಗಿಲು ತಟ್ಟಿದಳು. ನಾವೂ ಹಿಂದೆ ಹೋದೆವು. ಉಳಿದವರು ನೋಡಿಕೊಳ್ಳುತ್ತಾರೆ, ನಿನಗೇಕೆ ತೊಂದರೆ ಎಂದ ಮುದುಕ. ಅತ್ತೆಗೆ ಆ ಭಾಷೆ ಬರುತ್ತಿದ್ದದ್ದು ಹರಕುಮುರುಕು. ಅದರಲ್ಲೇ ಹೇಳಿದಳು: "ತಪ್ಪು ನನ್ನದು. ಹೇಗೆ ಅಂತ ತೋರಿಸಿ. ಸರದಿ ಬಿಡಲ್ಲ."

ಮುದುಕ ಬೇಡವೆಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡ. ಮಾಲಕಿಗೆ ಹೇಳಿಬಿಟ್ಟಾನು ಎಂದು ಅಪ್ಪ ಅವಳ ಮೊಣಕೈ ಎಳೆದ. ಅವಳು ಕೊಸರಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತು ಹೊಲಿಯತೊಡಗಿದಳು. ಹತ್ತಿ ಇಳಿಯುವವರಿಗೆಲ್ಲ ಸರಿದು ದಾರಿ ಬಿಟ್ಟಳು, ನಮಸ್ಕಾರ ಹೇಳಿದಳು, ಏಳಲಿಲ್ಲ. ನನಗೆ ನಾಚಿಕೆಯಾಗಿತ್ತು. ಒಂದು ತಾಸಾದ ಮೇಲೆ ಅದು ನಾಚಿಕೆಯಾಗಿ ಉಳಿಯಲಿಲ್ಲ. ಅವಳ ಪಕ್ಕ ಹೋಗಿ ಕೂತೆ.

ಪ್ಯಾಂಟಿನ ಎರಡನೇ ಕಾಲಿನ ಅಂಚು ಮುಗಿಯುವ ಹೊತ್ತಿಗೆ ಮುದುಕ ಹೊರಬಂದು ಮೇಲಿನ ಮನೆಗೆ ಹೋಗಿ ಕೀಲಿಕೈ ತಂದ. ಕಪಾಟು ತೆಗೆದು, ಬಟ್ಟೆ ಅದ್ದಿ, ಒಂದು ಹನಿಯೂ ಉಳಿಯದಂತೆ ಹಿಂಡಿ ತೋರಿಸಿ ಅವಳ ಕೈಗೆ ಕೊಟ್ಟ. ಅತ್ತೆ ಮೇಲಿನಿಂದ ಒಂದೊಂದೇ ಮೆಟ್ಟಿಲು ಒರೆಸುತ್ತ ಇಳಿದಳು.

ಚಹಾ ಕುಡಿಯೋಣ ಎಂದು ಅಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ.

"ಅಲ್ಲೇ ನಿಲ್ಲಣ್ಣ, ಒಣಗ್ಬೇಕು" ಎಂದಳು ಅತ್ತೆ. "ಇನ್ಮೇಲೆ ಬರೋ ಮುಂಚೆ ಫೋನ್ ಮಾಡು. ನಮ್ಮಲ್ಲಿ ಹಾಗೇ."

ಅಪ್ಪ ಕಾಲು ಹಿಂದಕ್ಕೆ ತೆಗೆದ.