ಸೆರಗಿನಿಂದ ಬಿದ್ದ ರೊಟ್ಟಿ

ಸೊರಬದ ಕಡೆಯ ಹೊಸಬಾಳೆಯಿಂದ ಶಿಕಾರಿಪುರದ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನಗೆ ಟೈಫಾಯ್ಡ್ ಆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಜ್ವರ ಬಿಟ್ಟು ಮತ್ತೆ ಮರುಕಳಿಸಿತು. ಮಾತ್ರೆ, ಇಂಜೆಕ್ಷನ್ನು ತಿಂಗಳುಗಟ್ಟಲೆ ನಡೆದವು. ಕೊನೆಗೆ ಜ್ವರ ಹೋಯಿತು, ಹೊಟ್ಟೆ ಮಾತ್ರ ನೆಟ್ಟಗಾಗಲಿಲ್ಲ. ಉಂಡ ಕೂಡಲೇ ಉಬ್ಬರಿಸಿ ಹಿತ್ತಲಿಗೆ ಓಡಬೇಕು. ಅದೂ ಮಾವನವರ ಕಣ್ಣೆದುರೇ. ಆ ನಾಚಿಕೆಗೆ ಊಟ ಕಡಿಮೆ ಮಾಡಿದೆ. ಬರಬರುತ್ತಾ ತಟ್ಟೆ ಕಂಡರೇ ಭಯವಾಗತೊಡಗಿತು. ಮೈ ಒಣಗಿತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿತ್ತು.

ಅತ್ತೆ ಎದುರಿಗೇ ಕೂತು ಬಡಿಸುತ್ತಿದ್ದರು. ಅವರು ಅತ್ತ ತಿರುಗಿದಾಗ ರೊಟ್ಟಿ ಸೆರಗಿನೊಳಗೆ ಸೇರಿಸಿ, ಆಮೇಲೆ ಹಸುವಿಗೆ ಹಾಕುತ್ತಿದ್ದೆ. ಒಮ್ಮೆ ಉಡುತಡಿಯಿಂದ ನೆಂಟರು ಬಂದಿದ್ದರು. ನೀರು ಕೊಡಲು ಬಗ್ಗಿದೆ. ಮಡಚಿದ ರೊಟ್ಟಿ ಅವರ ಕಾಲ ಬುಡದಲ್ಲಿ ಬಿತ್ತು.

ನೆಂಟರು ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು, "ನಮ್ಮನಿ ಅನ್ನ ಅಷ್ಟು ಹೇಸಿಗೆ ಆತೇನವ್ವಾ ನಿಂಗೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಕಣ್ಣಲ್ಲಿ ನೀರಿತ್ತು.

ಮರುದಿನ ಯಜಮಾನರು ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಬಂದರು. ಎಲ್ಲವನ್ನೂ ಕೇಳಿದ ಆಕೆ, ಜ್ವರದ ಮಾತ್ರೆಗಳು ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ, ಅವು ಮತ್ತೆ ಬೆಳೆಯಲು ಕಾಲ ಬೇಕು ಅಂದರು. ಮನಸ್ಸು ಕುಸಿದದ್ದಕ್ಕೆ ಅದೊಂದೇ ಕಾರಣವೆಂದು ಹೇಳಲಾರೆ, ಅದಕ್ಕೆ ಬೇರೆ ಡಾಕ್ಟರನ್ನು ಕಾಣಿ ಎಂದು ಶಿವಮೊಗ್ಗಕ್ಕೆ ಚೀಟಿ ಬರೆದರು. ಆಮೇಲೆ ಅತ್ತೆಯತ್ತ ತಿರುಗಿ, "ಇವರು ಹಟ ಮಾಡ್ತಿಲ್ಲ ರೀ. ಇದು ಕಾಯಿಲೆ," ಎಂದರು.

ಅಂದಿನಿಂದ ಅತ್ತೆ ಗಂಜಿ, ಮೊಸರು ಇಟ್ಟು, ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಯಾರೂ ನೋಡದಿದ್ದಾಗ ಒಂದೊಂದು ತುತ್ತು ಇಳಿಯಿತು. ಶಿವಮೊಗ್ಗದ ಮನೋವೈದ್ಯರ ಮಾತ್ರೆಯನ್ನೂ ನುಂಗಿದೆ. ಮನುಷ್ಯಳಾಗಲು ವರ್ಷ ಹಿಡಿಯಿತು. ಯಾವುದು ನನ್ನನ್ನು ಎತ್ತಿತೋ ಗೊತ್ತಿಲ್ಲ.

ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೂ ಮನಸ್ಸಿಗೂ ನಂಟಿದೆ ಎಂದು ಈಗ ಪೇಪರಿನಲ್ಲಿ ಬರುತ್ತದೆ. ಓದುವಾಗ ಎದೆ ಹಗುರಾಗುತ್ತದೆ. ಆದರೂ ತವರಿನಲ್ಲಿ ಆಗ ನಾನು ಹೇಳಿದ್ದು ಗ್ಯಾಸ್ಟ್ರಿಕ್ ಅಂತ. ಅವ್ವ ಹೋಗುವವರೆಗೂ ಅದನ್ನೇ ನಂಬಿದ್ದಳು. ಹುಚ್ಚಿನ ಡಾಕ್ಟರು ಅನ್ನುತ್ತಾರಲ್ಲ, ಆ ಮಾತಿಗೆ ಹೆದರಿ ನಾನು ತಿದ್ದಲಿಲ್ಲ.