ಎಕ್ಸ್‌ರೇ ಕೋಣೆಯ ಅರಿಶಿನ ಕೊಂಬು

ಕೊಟ್ಟೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದಿನ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ಒರೆಸಿ ಮುಗಿಸಿದ ಆಯಾ ಎರ್ರೆಮ್ಮ ಹೊಸ್ತಿಲ ಬಳಿ ಕೂತು ಅರಿಶಿನ ಕೊಂಬುಗಳಿಗೆ ದಾರ ಕಟ್ಟುತ್ತಿದ್ದಾರೆ. ತೊಳೆದ ಫಿಲ್ಮು ಒಣಗಹಾಕುವ ಮೊಳೆಗಳ ಸಾಲಿನಲ್ಲೇ ಇವಕ್ಕೂ ಒಂದು ಮೊಳೆ. ಇದ್ಯಾವ ಪೂಜೆ ಎಂದು ಹೊಸಬರು ಕೇಳುವುದುಂಟು. ನಾನೂ ಕೇಳಿದೆ.

"ಪೂಜಿ ಅಲ್ರಿ, ತಾಳಿ ಬಿಚ್ಚಾಕ," ಎಂದು ನಗುತ್ತಾರೆ.

ಎದೆಯ ಚಿತ್ರ ತೆಗೆಯುವಾಗ ಮೈಮೇಲೆ ಬಂಗಾರವಿರಬಾರದು; ಅದರ ನೆರಳು ಗುಂಡಿಗೆಯ ಮೇಲೆ ಬೀಳುತ್ತದೆ. ಗಂಡ ಬದುಕಿರುವಾಗ ತಾಳಿ ತೆಗೆಯಲು ಯಾವ ಹೆಣ್ಣುಮಗಳು ಒಪ್ಪುತ್ತಾಳೆ? ಎಂಬತ್ತೊಂದರಲ್ಲಿ ಈ ಯಂತ್ರ ಬಂತು. ಚಿಗಟೇರಿಯ ಕೂಲಿ ಬಿಟ್ಟು ಎರ್ರೆಮ್ಮ ಕೆಲಸಕ್ಕೆ ಸೇರಿದ್ದೂ ಆಗಲೇ. ಎಷ್ಟೋ ಮಂದಿ ಚಿತ್ರವೇ ಬೇಡವೆಂದು ಎದ್ದುಹೋಗುತ್ತಿದ್ದರಂತೆ. ಆಗ ಹೊಳೆದದ್ದು ಈ ಉಪಾಯ: ಮೊದಲು ಕೊಂಬಿನ ದಾರವನ್ನು ಕೊರಳಿಗೆ ಮೇಲಕ್ಕೆ ಕಟ್ಟುವುದು, ಆಮೇಲೆ ತಾಳಿ ಬಿಚ್ಚುವುದು. ಕೊರಳು ಒಂದು ಗಳಿಗೆಯೂ ಬರಿದಾಗುವುದಿಲ್ಲ, ಕೊಂಬು ಗುಂಡಿಗೆಯವರೆಗೆ ಇಳಿಯುವುದೂ ಇಲ್ಲ.

ಇವತ್ತಿನ ಮೊದಲ ಸರದಿ ಹೊಸಹಳ್ಳಿಯ ದ್ಯಾಮಕ್ಕನದು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಗುಂಡಿಗೆ ಊದಿದ್ದರೆ ಬಳ್ಳಾರಿಗೇ ಹೋಗಬೇಕೆಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಒಮ್ಮೆ ಚಿತ್ರ ತೆಗೆದಾಗ ಎರ್ರೆಮ್ಮ ರಜೆಯಲ್ಲಿದ್ದರು. "ಬಿಚ್ಚೀನ್ರಿ" ಎಂದ ದ್ಯಾಮಕ್ಕ ತಾಳಿಯನ್ನು ಬೆನ್ನಿಗೆ ಸರಿಸಿ ರವಿಕೆಯೊಳಗೆ ಅಡಗಿಸಿಕೊಂಡಿದ್ದರು. ಕಿರಣ ಹಾಯುವುದೇ ಬೆನ್ನಿನಿಂದ! ಫಿಲ್ಮಿನಲ್ಲಿ ತಾಳಿ, ಅದರ ಬಂಗಾರದ ಗುಂಡು ಎಲ್ಲ ಗುಂಡಿಗೆಯ ಅಂಚಿನ ಮೇಲೇ ಬಂದು ಕೂತಿದ್ದವು.

ಇವತ್ತು ಕೊಂಬು ಕಟ್ಟಿಸಿಕೊಂಡು ನಿಂತಿದ್ದಾರೆ. "ಉಸಿರು ಹಿಡಿಯವ್ವ... ಹಾಂ, ಬಿಡು," ಎನ್ನುತ್ತಾರೆ ಎರ್ರೆಮ್ಮ. ಹೊರಗೆ ಗಂಡ ಬೊಮ್ಮಪ್ಪ ತಾಳಿಯನ್ನು ಟವೆಲ್ಲಿನ ತುದಿಗೆ ಗಂಟು ಹಾಕಿ ಎದೆಗೆ ಅವುಚಿಕೊಂಡಿದ್ದಾರೆ. ಫಿಲ್ಮು ಒಣಗುವವರೆಗೆ ಅವರಿಗೆ ಬೀಡಿಯೂ ಬೇಡ, ಚಹಾನೂ ಬೇಡ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿಯುತ್ತಾರೆ. "ಗುಂಡಿಗೆ ಇರಬೇಕಾದಷ್ಟೇ ಇದೆ. ಮೈಯಲ್ಲಿ ರಕ್ತ ಕಡಿಮೆ, ಅದಕ್ಕೇ ಏದುಸಿರು. ಗುಳಿಗೆ ಕೊಡುತ್ತೇನೆ."

ಬೊಮ್ಮಪ್ಪ ಅತ್ತೇಬಿಡುತ್ತಾರೆ. ಎರ್ರೆಮ್ಮ ಬಿಡಬೇಕಲ್ಲ. "ಅಳೋದು ಆಮ್ಯಾಲ. ತಾಳಿ ಕಟ್ಟು ಬಾರಪ್ಪ. ಮೂರು ಗಂಟು, ಮರ್ತಿಯೇನು?"

ಬೊಮ್ಮಪ್ಪ ಕಣ್ಣೊರೆಸಿಕೊಂಡು ಗಂಟು ಹಾಕತೊಡಗುತ್ತಾರೆ. ಸರದಿಗಾಗಿ ಬೆಂಚಿನ ಮೇಲೆ ಕಾದು ಕೂತ ಅಜ್ಜಿಯರು ಸೋಬಾನೆ ಎತ್ತಿಯೇಬಿಡುತ್ತಾರೆ. ದ್ಯಾಮಕ್ಕ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸುತ್ತಾರೆ.

"ಈ ರೂಮಿನಾಗ ಎಷ್ಟು ಲಗ್ನ ಮಾಡಿಸೀನಿ, ಲೆಕ್ಕ ಇಲ್ರಿ," ಎನ್ನುತ್ತಾರೆ ಎರ್ರೆಮ್ಮ, ಫಿಲ್ಮನ್ನು ಲಕೋಟೆಗೆ ಹಾಕುತ್ತ. "ಒಬ್ಬರೂ ಲಗ್ನದ ಊಟ ಹಾಕಿಲ್ಲ ನೋಡ್ರಿ."

ಹೊರಟಿದ್ದ ದ್ಯಾಮಕ್ಕ ಬಾಗಿಲಲ್ಲೇ ತಿರುಗುತ್ತಾರೆ. "ಗುಳಿಗಿ ಮುಗೀಲಿ ಯಕ್ಕಾ. ಹೋಳಿಗಿ ಬುಟ್ಟಿ ನಾನ ಹೊತ್ಗೊಂಡು ಬರ್ತೀನಿ."