ಬೆರಳು ತೋರಿಸುವ ಅವಧೂತರಾಯರು

ಪುಣೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಥಮ ಚಿಕಿತ್ಸೆ ಕಲಿಸುವ ಅವಧೂತರಾಯರಿಗೆ ‘ಯಾರಾದರೂ’ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ರಬ್ಬರಿನ ಗೊಂಬೆಯ ಎದೆ ಒತ್ತುವುದಕ್ಕೂ ಮೊದಲು ಪ್ರತಿಯೊಬ್ಬರೂ ಪಕ್ಕದವರತ್ತ ಬೆರಳು ತೋರಿಸಿ, “ನೀವು, ನೂರಾ ಎಂಟಕ್ಕ ಫೋನ್ ಮಾಡ್ರಿ” ಎನ್ನಲೇಬೇಕು. ತರಬೇತಿಗೆ ಬಂದ ಕುಲಪತಿಗಳು ಸಂಕೋಚದಿಂದ ಬೆರಳು ಮಡಚಿದಾಗಲೂ ಬಿಡಲಿಲ್ಲ: “ಬೆರಳು ಮುಂದ ಮಾಡ್ರಿ ಸಾಹೇಬ್ರ, ಮರ್ಯಾದಿ ಆಮ್ಯಾಲೆ ನೋಡೋಣ.” ಕ್ಯಾಂಟೀನಿನಲ್ಲಿ ನೀರು ಬೇಕಾದರೂ ಅವರು ಬೆರಳು ತೋರಿಸಿ, ಹೆಸರು ಹಿಡಿದೇ ಕೇಳುತ್ತಾರೆ. ನಾವು ನಗುತ್ತಿದ್ದೆವು. ಒಮ್ಮೆ ಸುರಭಿ ಎಂಬ ವಿದ್ಯಾರ್ಥಿನಿ ಕಾರಣ ಕೇಳಿದಳು. ರಾಯರು ಗೊಂಬೆಯ ಎದೆ ಒರೆಸುತ್ತಲೇ ಹೇಳಿದರು: “ಮದುವಿ ಹಾಲ್‌ನ್ಯಾಗ ನನ್ನ ಹೆಂಡತಿ ಕುಸಿದು ಬಿದ್ದಾಗ ಮುನ್ನೂರು ಮಂದಿ ಇದ್ರು, ತಂಗಿ. ಎಲ್ಲಾರೂ ಇನ್ನೊಬ್ರು ಫೋನ್ ಮಾಡ್ಯಾರಂತ ತಿಳಕೊಂಡ್ರು. ‘ಯಾರರೆ ಫೋನ್ ಮಾಡ್ರಿ’ ಅಂತ ಒದರಿದಾಂವ ನಾನೇ.”